ಚಪ್ಪಲಿ ತೋರಿಸಿದ ಜಾಗ

ನಾನು ಹೋದಾಗ ನಮ್ಮ ಯಜಮಾನರ ಮಂಚ ಖಾಲಿಯಿತ್ತು. ಮರೆವಿನ ಕಾಯಿಲೆಯವರ ಆ ಆರೈಕೆ ಕೇಂದ್ರದಲ್ಲಿ ಪ್ರತಿಯೊಬ್ಬರ ಚಪ್ಪಲಿಯ ಅಟ್ಟೆಯೊಳಗೂ ಅಂಚೆಚೀಟಿಯಷ್ಟು ಚಿಕ್ಕ ಟ್ಯಾಗ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಬಾಗಿಲ ಚೌಕಟ್ಟಿನಿಂದ ಬರುವ ರೇಡಿಯೋ ಅಲೆ ತಾಗಿದರೆ ಸಾಕು, ಎಚ್ಚೆತ್ತು ತನ್ನ ನಂಬರ್ ಹೇಳುತ್ತದೆ. ಯಾರು ಕೊನೆಗೆ ಯಾವ ಬಾಗಿಲು ದಾಟಿದರೆಂದು ಕಂಪ್ಯೂಟರ್ ಪರದೆಯಲ್ಲಿ ಮೂಡುತ್ತದೆ.

"ಗಾಬರಿಯಾಗಬೇಡಿ ಅಮ್ಮ, ಅಜ್ಜ ಕೋಣೆಯಲ್ಲೇ ಇದ್ದಾರೆ," ಎಂದು ನರ್ಸ್ ಪರದೆ ತೋರಿಸಿದಳು.

"ಎಲ್ಲಿ ಮಗಳೇ? ಮಂಚದ ಕೆಳಗೂ ನೋಡಿದೆ!"

ಕಟ್ಟಡದ ಹಿಂದೆಯೇ ಲಾರಿಗಳು ಓಡುವ ರಸ್ತೆ. ಅವರಿಗೆ ತಮ್ಮ ಹೆಸರೂ ನೆನಪಿಲ್ಲ. ನರ್ಸ್ ನನ್ನ ಕೈ ಹಿಡಿದುಕೊಂಡೇ ಕೋಣೆಗೆ ಓಡಿದಳು. ಪಕ್ಕದ ಮಂಚದಲ್ಲಿ ಅವರ ಕೋಣೆಯ ಜೊತೆಗಾರ ಮೇಷ್ಟ್ರು ಕಾಲು ಚಾಚಿ ಕೂತಿದ್ದರು. ಕಾಲಲ್ಲಿ ನಮ್ಮವರ ಉಣ್ಣೆ ಚಪ್ಪಲಿ!

"ಕಾಲು ತಣ್ಣಗಿದೆ ಅಂದೆ. ತನ್ನದನ್ನ ನನಗೆ ತೊಡಿಸಿ, ನನ್ನ ಹರಕು ಚಪ್ಪಲಿ ಮೆಟ್ಕೊಂಡು ಹೋದ. ಒಳ್ಳೆ ವ್ಯಾಪಾರಿ ಕಣಮ್ಮ ನಿನ್ನ ಗಂಡ!" ಎಂದು ಮೇಷ್ಟ್ರು ನಕ್ಕರು.

ಅಂದರೆ ಪರದೆ ತೋರಿಸುತ್ತಿದ್ದದ್ದು ಮೇಷ್ಟ್ರ ಕಾಲನ್ನು. ನರ್ಸ್ ಈಗ ಮೇಷ್ಟ್ರ ನಂಬರ್ ಹುಡುಕಿದಳು. ಅದು ಕೊನೆಗೆ ದಾಟಿದ್ದು ಬಟ್ಟೆ ಒಗೆಯುವ ಕೋಣೆಯ ಬಾಗಿಲು. ಆ ಕೋಣೆಗೆ ರಸ್ತೆ ಕಡೆಗೂ ಒಂದು ಬಾಗಿಲಿದೆ, ಅದಕ್ಕೆ ಟ್ಯಾಗ್ ಓದುವ ಚೌಕಟ್ಟು ಕೂರಿಸಿಲ್ಲ ಎಂದಳು. ನಾನು ಅತ್ತ ಓಡಿದೆ.

ರಸ್ತೆ ಕಡೆಯ ಬಾಗಿಲು ತೆರೆದೇ ಇತ್ತು. ಅದರ ಪಕ್ಕದಲ್ಲೇ, ಆಗಷ್ಟೇ ಒಣಗಿದ ಬಿಸಿ ಕಂಬಳಿಯೊಂದನ್ನು ಎದೆಗೆ ಅವುಚಿಕೊಂಡು ನಮ್ಮವರು ನಿಂತಿದ್ದರು. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ.

"ಸ್ವಲ್ಪ ದಾರಿ ತೋರಿಸಮ್ಮ," ಎಂದರು. "ಅಲ್ಲೊಬ್ಬರಿಗೆ ಚಳಿಯಾಗ್ತಿದೆ."