ಬೋರವ್ವನ ಮದುವಿ ಅರಿವಿ

ಪಾದ್ರಿಗಳ ಕುದುರೆ ಹುನಗುಂದದ ದಾರಿ ಹಿಡಿದು ಮರೆಯಾದ ಮೇಲೂ ಬೋರವ್ವ ಗುಡಿಯ ಕಟ್ಟೆಯಿಂದ ಏಳಲಿಲ್ಲ. ಗುಡಿ ಎಂದರೆ ಮಣ್ಣಿನ ಮಾಳಿಗೆಯ ಒಂದು ಮನೆ, ಒಳಗೊಂದು ಮರದ ಶಿಲುಬೆ. ಕುರಿ ಕಾಯುವ ಏಳೆಂಟು ಮನೆಯವರು ಕ್ರಿಸ್ತನ ದಾರಿ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ತಲೆಗೆ ನೀರೆರೆದು ಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ ಅವರಿಗಿನ್ನೂ ಆಗಿರಲಿಲ್ಲ.

ಪಾದ್ರಿಗಳು ತಿಂಗಳಿಗೊಮ್ಮೆ ಬಂದು ಪೂಜೆ ಮಾಡುತ್ತಿದ್ದರು. ಹೊರಡುವ ಮುನ್ನ, ಮುಂದೆ ತಾವು ಬರುವ ಭಾನುವಾರ ಓದಬೇಕಾದ ಸುವಾರ್ತೆಯ ಕತೆ ಹೇಳಿ, "ಇದನ್ನು ಮೆಲುಕು ಹಾಕುತ್ತಿರಿ" ಎನ್ನುತ್ತಿದ್ದರು. ಕುರಿಯವರಿಗೆ ಮೆಲುಕು ಹಾಕುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಈ ಸಲದ್ದು ಅರಸನ ಮಗನ ಮದುವೆಯ ಕತೆ. ಮದುವೆಯ ಉಡುಪಿಲ್ಲದೆ ಊಟಕ್ಕೆ ಕೂತ ಒಬ್ಬನನ್ನು ಅರಸ ಯಾಕೆಂದು ಕೇಳಿದ; ಅವನು ಬಾಯಿ ಬಿಡದಿದ್ದಾಗ ಕೈಕಾಲು ಕಟ್ಟಿಸಿ ಹೊರಗಿನ ಕತ್ತಲೆಗೆ ಎಸೆಯಿಸಿದನಂತೆ. ಕತೆ ಮುಗಿಸಿ ಪಾದ್ರಿಗಳು ಬೆರಳೆತ್ತಿ, "ನೆನಪಿರಲಿ, ಅರಿವಿಲ್ಲದವರಿಗೆ ಜ್ಞಾನಸ್ನಾನವಿಲ್ಲ!" ಎಂದಿದ್ದರು.

ದೂರದೇಶದ ಅವರು ಕನ್ನಡ ಕಲಿತದ್ದು ಮೈಸೂರು ಸೀಮೆಯ ಪುಸ್ತಕದಿಂದ. ಅವರ ಬಾಯಲ್ಲಿ ಅರಿವು ಎಂದರೆ ತಿಳಿವಳಿಕೆ. ಈ ಊರಿನ ಕಿವಿಯಲ್ಲಿ ಅರಿವಿ ಎಂದರೆ ಬಟ್ಟೆ.

"ಮುದಕಪ್ಪಣ್ಣಾ, ಮದುವಿ ಅರಿವೀನ ಬೇಕಂತೇನು?" ಎಂದು ಬೋರವ್ವ ಉಪದೇಶಿಯನ್ನು ಕೇಳಿದಳು. ಪಾದ್ರಿಗಳಿಲ್ಲದ ಭಾನುವಾರಗಳಲ್ಲಿ ಜಪ ಹೇಳಿಸುವವನು ಈ ಮುದಕಪ್ಪ.

"ನಿನ್ನ ಕಿವೀಲೇ ಕೇಳಿದೆಲ್ಲವಾ. ನನ್ನ ಮದುವಿ ಧೋತರದಾಗ ನುಸಿ ಸಂಸಾರ ಹೂಡ್ಯಾವ. ನಾ ಯಾರ ಮುಂದ ಅಳಲಿ?"

ಬೋರವ್ವನಿಗೆ ನುಸಿ ತಿಂದ ಸೀರೆಯೂ ಇರಲಿಲ್ಲ. ಅವಳ ಮದುವೆಯ ದಿನ ಹಳ್ಳ ತುಂಬಿ ಬಂದು, ಸೀರೆ ತರಲು ಇಳಕಲ್ಲಿಗೆ ಹೋದ ಸೋದರಮಾವ ಆಚೆ ದಂಡೆಯಲ್ಲೇ ಉಳಿದ. ಅಪ್ಪ ತನ್ನ ಹೆಗಲ ಕಂಬಳಿ ಹೊದಿಸಿ ತಾಳಿ ಕಟ್ಟಿಸಿದ. ನೀರಿಳಿದ ಮೇಲೆ ಬಂದ ಸೀರೆಯನ್ನು ತಂಗಿಯ ಮದುವೆಗೆ ಎತ್ತಿಟ್ಟರು.

"ನಂದೇನ ಚಿಂತಿಲ್ಲ, ಮದುವಿ ರುಮಾಲ ಐತಿ," ಎಂದು ಗಂಡ ಕಾಳಪ್ಪ ಮೀಸೆ ತಿರುವಿದ. "ನಾ ಒಳಗ ಉಣತೇನಿ, ನೀ ಹೊರಗ ಕತ್ತಲಾಗ ಕುರಿ ಕಾಯಿ."

"ಉಣ್ರಿ, ಉಣ್ರಿ! ಗಂಟಲಾಗ ತುತ್ತ ಸಿಕ್ಕಾಗ ನೀರ ಯಾರ ಕೊಡತಾರ ನೋಡತೇನಿ!"

ಬೋರವ್ವ ನಕ್ಕಳು. ಆದರೆ ಪಾದ್ರಿಗಳು ಮತ್ತೆ ಬರುವ ಭಾನುವಾರವೇ ಇಬ್ಬರಿಗೂ ಜ್ಞಾನಸ್ನಾನವೆಂದು ನಿಗದಿಯಾಗಿತ್ತು. ಅವನೊಬ್ಬನೇ ಒಳಗೆ ಹೋದರೆ?

ಪಕ್ಕದ ಮನೆಯ ನೇಕಾರರ ಜೈನಬಿಗೆ ಸುದ್ದಿ ಮುಟ್ಟಿದ್ದೇ ತಡ, ತನ್ನ ಮದುವೆಯ ಕೆಂಪು ಸೆರಗಿನ ಸೀರೆಯನ್ನೇ ಹಿಡಿದು ಬಂದಳು.

"ತಗೋ, ಉಟಗೊಂಡ ಹೋಗು."

"ಬ್ಯಾಡವಾ ಜೈನಬಿ! ನಿನ್ನ ಅರಿವಿ ನೋಡಿ ದೇವರು ನಿನ್ನ ಹೆಸರ ಬರಕೊಂಡ್ರ? ಮನ್ಯಾಗ ಕುಂತಲ್ಲೇ ನಿನಗ ಜ್ಞಾನಸ್ನಾನ ಆಕ್ಕೈತಿ!"

ಜೈನಬಿ ನಕ್ಕೂ ನಕ್ಕೂ ಹೊಸ್ತಿಲ ಮೇಲೆ ಕುಸಿದಳು. "ಅಯ್ಯ, ನಮ್ಮ ಮನಿಯವ್ರಿಗೆ ನಾ ಏನ ಹೇಳ್ಲಿ!" ಹೋಗುವಾಗ ಬೋರವ್ವನ ಮದುವೆಯ ಆ ಕಂಬಳಿಯನ್ನು ಒಯ್ದು, ಒಗೆದು, ಬೇವಿನ ಎಲೆಯ ಹೊಗೆ ಹಾಕಿ ತಂದುಕೊಟ್ಟಳು.

ಆ ಭಾನುವಾರ ಬಂತು. ಪಾದ್ರಿಗಳು ಕುದುರೆ ಇಳಿದು ನೋಡುತ್ತಾರೆ, ಗುಡಿಯ ತುಂಬ ಮದುಮಕ್ಕಳು! ಮುದಕಪ್ಪನ ಧೋತರ ಜಾಲರಿಯಾಗಿತ್ತು. ಮೊಮ್ಮಕ್ಕಳನ್ನು ಕಂಡ ಮಾಯವ್ವ ಹಣೆಗೆ ಬಾಸಿಂಗ ಕಟ್ಟಿಕೊಂಡು ನಾಚಿ ನಿಂತಿದ್ದಳು. ಸುಡುವ ಧಗೆಯಲ್ಲಿ ಬೋರವ್ವ ಕರಿಯ ಕಂಬಳಿ ಹೊದ್ದು ಬೆವರುತ್ತಿದ್ದಳು.

"ಇಂದು ಎಷ್ಟು ಮದುವೆಗಳು?" ಪಾದ್ರಿಗಳು ಗಾಬರಿಯಾದರು.

"ಒಂದೂ ಇಲ್ರಿ. ಅರಿವಿ ಇಲ್ಲದವರಿಗೆ ಜ್ಞಾನಸ್ನಾನಿಲ್ಲ ಅಂದಿದ್ರೆಲ್ಲಾ," ಎಂದ ಮುದಕಪ್ಪ.

"ಅರಿವು! ಅರಿವು!"

"ಹೂನ್ರಿ, ಅರಿವೀನ! ಎಲ್ಲಾರೂ ಉಟಗೊಂಡ ಬಂದೇವಿ."

"ಅರಿವು ಉಡುವುದಲ್ಲ!"

"ಹೊಚಗೊಳ್ಳೂದೇನ್ರಿ?" ಎಂದು ಮಾಯವ್ವ ಆಸೆಯಿಂದ ಬೋರವ್ವನ ಕಂಬಳಿ ನೋಡಿದಳು.

ಪಾದ್ರಿಗಳ ಮುಖ ಕೆಂಪಾಗಿದ್ದು ಕಂಡು ಬೋರವ್ವನಿಗೆ ತನ್ನ ಕೈಕಾಲಿಗೆ ಹಗ್ಗ ಬಂತೆಂದೇ ಅನಿಸಿತು. ಕಾಳಪ್ಪನಿಗೂ ಹಾಗೇ ಅನಿಸಿರಬೇಕು. ಅವನು ಸರಸರ ಅರ್ಧ ರುಮಾಲು ಬಿಚ್ಚಿ ಹೆಂಡತಿಯ ತಲೆಗೆ ಸುತ್ತಿಬಿಟ್ಟ. ಒಂದೇ ರುಮಾಲಿಗೆ ಎರಡು ತಲೆ! ಇವನು ಬಾಗಿದರೆ ಅವಳೂ ಬಾಗಬೇಕು. ಗುಡಿಯಲ್ಲಿ ನಗೆ ಒಡೆಯಿತು. ಬೋರವ್ವನಿಗೂ ಅದೆಲ್ಲಿಂದಲೋ ಧೈರ್ಯ ಬಂತು.

"ನನಗ ಮದುವಿ ಅರಿವಿ ಇಲ್ರೀ ಯಪ್ಪಾ. ಕಂಬಳಿ ಹೊಚಗೊಂಡ ಮದುವಿ ಆದಾಕಿ ನಾ. ತಿಂಗಳೆಲ್ಲಾ ನಿಮ್ಮ ಕತಿ ಮೆಲಕ ಹಾಕೇನಿ. ಆ ಮನಿಷ್ಯಾ ಯಾಕ ಬಾಯಿ ಬಿಡಲಿಲ್ಲ? 'ಇಲ್ರೀ, ಒಂದ ಕೊಡ್ರಿ' ಅಂದಿದ್ರ ಅರಸ ಕೊಡತಿದ್ದಿಲ್ಲೇನು? ಮದುವಿ ಮಾಡಾವ್ರ ಮನ್ಯಾಗ ಒಂದ ಸೀರಿಗೆ ಬರಾನ? ನಾ ಕೇಳತೇನ್ರಿ. ಒಂದ ಕೊಡ್ರಿ."

ಪಾದ್ರಿಗಳು ಅವಳ ಕಂಬಳಿ ನೋಡಿದರು, ಮುದಕಪ್ಪನ ಧೋತರ ನೋಡಿದರು. "ಅರಿವಿ," ಎಂದು ಮೆಲ್ಲಗೆ ಅಂದುಕೊಂಡರು. ಮರುಗಳಿಗೆ ಗೋಡೆ ಹಿಡಿದು, ಗಡ್ಡ ಅಲುಗುವಂತೆ ನಕ್ಕರು. ನಗು ಇಳಿಯದೆಯೇ ಪೆಟ್ಟಿಗೆ ತೆರೆದು, ಮಡಿಸಿಟ್ಟ ಬಿಳಿ ಬಟ್ಟೆಗಳನ್ನು ಎತ್ತಿ ಹಿಡಿದರು. ಜ್ಞಾನಸ್ನಾನವಾದ ಕೂಡಲೇ ಹೊದಿಸುವ ಬಟ್ಟೆಗಳು ಅವು.

"ಮದುವೆಯ ಅರಿವೆ ಇದೇ ತಾಯಿ. ಇದನ್ನು ತರುವವನು ನಾನು. ನೀವು ಬಂದರೆ ಸಾಕು."

ತಲೆಗೆ ನೀರು ಬಿತ್ತು. ಕರಿಯ ಕಂಬಳಿಯ ಮೇಲೆ ಬಿಳಿ ಬಟ್ಟೆ ಬಂತು. ಬೋರವ್ವ ಅದರ ಅಂಚನ್ನು ಸವರಿ ಸವರಿ ನೋಡಿದಳು.

ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಜೈನಬಿ ಉಗುರು ಕಚ್ಚುತ್ತ ಕಾಯುತ್ತಿದ್ದಳು.

"ಏ ಬೋರವ್ವಾ! ಭಾಳ ಛಂದ ಕಾಣತಿ! ವರಾ ಯಾರವಾ?"

"ಅಂವನ, ಹಳೇ ಗಂಡ!" ಎಂದು ಬೋರವ್ವ ಕಾಳಪ್ಪನ ರುಮಾಲಿನ ತುದಿ ಜಗ್ಗಿದಳು. "ಆವಾಗ ಅವಸರದಾಗ ಆಗಿತ್ತು. ಇವತ್ತ ನಿಂತ ನೋಡಿ ಆದೆ."