ಅಕ್ಕನ ಎಡಗೈಗೆ ತಕ್ಕ ಮೆಷಿನ್

ಸೋಪಿನ ಕಾರ್ಖಾನೆ ಎಂದರೆ ಭಾರಿ ಏನಲ್ಲ, ಹದಿನೆಂಟು ಅಡಿ ಉದ್ದದ ಒಂದು ಕೋಣೆ, ಅದರಾಚೆ ಒಲೆಮನೆ. ತಂಗಿ ಯಜಮಾನಿ. ಭಾವ ಸೋಪು ಬೇಯಿಸುವವರು. ಅಕ್ಕ ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಸೋಪಿಗೆ ಕಾಗದ ಸುತ್ತುವವಳು, ಅದೂ ಇಪ್ಪತ್ತೆರಡು ವರ್ಷದಿಂದ! ಈಗೀಗ ಬೇಡಿಕೆ ಏರಿ, ಅಕ್ಕನ ಬೆರಳುಗಳು ಸೋತುಹೋಗಿದ್ದವು. ಪ್ಯಾಕಿಂಗ್ ಮೆಷಿನ್ ತರದೆ ಗತಿಯಿರಲಿಲ್ಲ.

ಮೆಷಿನ್ ಮಾರುವವನು ಬಂದವನೇ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಅದರ ಅಳತೆ ಎಳೆಯತೊಡಗಿದ. ಗೆರೆ ಹೋಯಿತು, ಹೋಯಿತು, ಗೋಡೆಗೆ ಹೋಗಿ ಮುಟ್ಟಿತು.

"ಇನ್ನೂ ನಾಲ್ಕಡಿ ಬೇಕಲ್ಲಾ," ಎಂದ.

"ಹಾಗಾದ್ರೆ ಮೆಷಿನ್ ಒಳಗಿರ್ಲಿ, ನಾವು ಬೀದೀಲಿರ್ತೀವಿ," ಎಂದರು ಭಾವ.

"ಆ ಕಿಟಕಿ ಮೂಲೆ ಖಾಲಿ ಮಾಡಿಕೊಟ್ರೆ ಓರೆಯಾಗಿ ಕೂರಿಸಬಹುದು ಮೇಡಂ. ನಿಮಿಷಕ್ಕೆ ನೂರು ಸೋಪು!"

ತಂಗಿ ತಿರುಗಿ ನೋಡುತ್ತಾಳೆ, ಅಕ್ಕ ಆಗಲೇ ಸ್ಟೂಲು ಎತ್ತಿಕೊಂಡು ಬಾಗಿಲಿಗೆ ಹೊರಟಿದ್ದಾಳೆ.

"ಜಾಗ ಬೇಕಲ್ವೇನೇ? ಮೆಷಿನ್ ಬಂದ್ಮೇಲೆ ನಂಗೇನು ಕೆಲಸ? ಮನೇಲಿರ್ತೀನಿ ಬಿಡು."

ಮುಖದಲ್ಲಿ ನಗುವಿತ್ತು, ದನಿಯಲ್ಲಿ ಇರಲಿಲ್ಲ. ಅಕ್ಕನಿಲ್ಲದ ಕಾರ್ಖಾನೆ ಯಾವ ಭಾಗ್ಯಕ್ಕೆ! ತಂಗಿ ಸ್ಟೂಲು ಕಿತ್ತುಕೊಂಡು ಹೋಗಿ ಕಿಟಕಿಯ ಬುಡದಲ್ಲೇ ದಬಕ್ಕನೆ ಇಟ್ಟಳು.

"ಅಳತೆ ಇಲ್ಲಿಂದ ಶುರು ಮಾಡಪ್ಪಾ. ಈ ಸ್ಟೂಲು ಕದಲಲ್ಲ. ಮಿಕ್ಕ ಜಾಗಕ್ಕೆ ಏನು ಹಿಡಿಸತ್ತೆ ಹೇಳು."

ಮಾರುವವನು ತಲೆ ಕೆರೆದುಕೊಂಡ. "ಪುಟ್ಟದೊಂದಿದೆ. ಲಾಳದ ಥರ ಬಾಗಿರತ್ತೆ. ಸೋಪು ಇಡೋದೂ, ಸುತ್ತಿದ್ದನ್ನ ತಗೊಳ್ಳೋದೂ ಕೂತಲ್ಲೇ ಒಬ್ರು ಮಾಡಬಹುದು. ಆದ್ರೆ ನಿಮಿಷಕ್ಕೆ ನಲವತ್ತೇ."

"ಧಾರಾಳ ಆಯ್ತು. ನೂರು ಸುತ್ತೋಕೆ ನೂರು ಬೇಯಿಸಬೇಕಲ್ಲ, ನಮ್ಮ ಭಾವನಿಗಿರೋದು ಎರಡೇ ಕೈ."

"ಅದ್ರಲ್ಲೂ ಒಂದರಲ್ಲಿ ಯಾವಾಗ್ಲೂ ಕಾಫಿ ಲೋಟ," ಎಂದಳು ಅಕ್ಕ.

ಸದ್ಯ, ಬಾಯಿ ಬಿಟ್ಟಳಲ್ಲ! ತಂಗಿಗೆ ಹೋದ ಜೀವ ಬಂದಂತಾಯಿತು.

ಸ್ಟೂಲಿನ ಸುತ್ತ ಹೊಸ ಗೆರೆ ಬಿತ್ತು, ಸೋಪು ಹೋಗುವ ದಿಕ್ಕಿಗೆ ಬಾಣದ ಗುರುತೂ ಬಿತ್ತು. ಅಕ್ಕ ಕೂತು ಎರಡು ಸಲ ಕೈಯಾಡಿಸಿ ನೋಡಿ ಮುಖ ಸಿಂಡರಿಸಿದಳು.

"ಇದು ಉಲ್ಟಾ. ನಾನು ಎಡಚಿ ಕಣಪ್ಪಾ. ಸೋಪು ಎಡಗಡೆಯಿಂದ ಹೋಗಿ ಬಲಗಡೆಗೆ ಬರ್ಬೇಕು." ಕಾಲಲ್ಲೇ ಬಾಣವನ್ನು ಉಜ್ಜಿ, ಸೀಮೆಸುಣ್ಣ ಕಸಿದು ತಿರುಗಿಸಿ ಬರೆದಳು. "ಹೀಗೆ ಸಿಗತ್ತಾ?"

"ಸಿಗತ್ತಮ್ಮಾ. ಹದಿನೈದು ದಿನ ಜಾಸ್ತಿ ಹಿಡಿಯತ್ತೆ."

"ಹಿಡೀಲಿ. ನಿಲ್ಲಿಸೋ ಗುಂಡಿ ಎಲ್ಲಿ?"

ಅದನ್ನೂ ಬರೆದದ್ದಾಯಿತು. ಭಾವ ಸುಮ್ಮನಿರುವವರೇ? ಒಂದು ಸೋಪು ಹಿಡಿದು ಗರ್ರೆಂದು ಸದ್ದು ಮಾಡುತ್ತ ಗೆರೆಯುದ್ದಕ್ಕೂ ಹೊರಟರು. ಅಕ್ಕ ಗುಂಡಿಯನ್ನು ತುಳಿದು "ನಿಲ್ಲಿ!" ಎಂದಳು. ಭಾವ ಎತ್ತಿದ ಕಾಲು ಎತ್ತಿದಂತೆಯೇ ನಿಂತುಬಿಟ್ಟರು.

"ಅಯ್ಯೋ, ಮದುವೆಯಾದಾಗಿಂದ ಇವತ್ತೇ ಕಣೇ ಇವ್ರು ನನ್ನ ಮಾತಿಗೆ ನಿಂತಿದ್ದು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರುವವನಂತೂ ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತ.

ಸಂಜೆ ತಂಗಿ ನೆಲ ಗುಡಿಸಲು ಪೊರಕೆ ತಂದಳು. ಈ ಸಲ ಕಿತ್ತುಕೊಂಡವಳು ಅಕ್ಕ.

"ಮೆಷಿನ್ ಬರೋವರೆಗೂ ಈ ಗೆರೆ ಯಾರೂ ಮುಟ್ಟಕೂಡದು. ಇದು ನನ್ನ ಜಾಗ."