ಬಾಗಿಯ ಹೂಂ

ಬಾಗಿಯ ಬಾಯಿಗೆ ತುಳಸಿನೀರು ಬಿಡುವ ಹೊತ್ತಿಗೇ ದೀಕ್ಷಾಳ ಸೊಂಟದ ಮೊಬೈಲು ಗುಂಯ್‌ಗುಟ್ಟಿತು. ನೀರು ತಪ್ಪಿ ಅಜ್ಜಿಯ ಗಲ್ಲದ ಮೇಲೆ ಹರಿಯಿತು.

"ಅದನ್ನ್ ಬಂದ್ ಮಾಡೂಕಾತಿಲ್ಯಾ ಹೆಣೆ?" ಬಾಗಿಯ ಮಗ, ಮಾವ ಅಶೋಕ ಗದರಿದ. "ಅಬ್ಬಿ ಹೋದ್ ದಿನವೂ ಆ ಬ್ರೆಜಿಲ್‌ನವ್ರಾ?"

"ಅಜ್ಜಿ ಹೂಂ ಅಂದ್ಲಾ ಅಂದೇಳಿ ಕೇಂತಿದ್ರ್ ಮಾವ. ಇವತ್ತೇ ಹೇಳ್ಬೇಕಂಬ್ರ್."

ಗಂಗೊಳ್ಳಿಯ ಹೊಳೆಯಲ್ಲಿ ಐವತ್ತು ವರ್ಷ ಚಿಪ್ಪಿ ಹೆಕ್ಕಿದ, ಹೆಬ್ಬೆಟ್ಟೊತ್ತುವ ಮುದುಕಿಯ ಹೂಂಗೆ ಬ್ರೆಜಿಲ್ ಕಾಯುವುದೆಂದರೇನು! ಅಂಗಳದವರು ಮುಖಮುಖ ನೋಡಿಕೊಂಡರು. ಬಾಗಿಯ ಜೊತೆ ಹೊಳೆಗಿಳಿಯುತ್ತಿದ್ದ ವನಜ ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ಏಳ್ ಬಾಗಿ. ಹೂಂ ಅಂದ್ ಆಮೇಲ್ ಮನಿಕೋ ಮಾರಾಯ್ತಿ."

ಅಳುತ್ತಿದ್ದವರೂ ನಕ್ಕರು. ಜೊತೆಗಿಡಲು ಅವಳ ಊರುಗೋಲು ಹುಡುಕಿದರೆ ಎಲ್ಲೂ ಸಿಗಲಿಲ್ಲ. ಕೋಲಿಲ್ಲದೆಯೇ ಬಾಗಿಯನ್ನು ಎತ್ತಿದರು.

* * *

ಆ ಹೂಂ ಬೇಕಿದ್ದದ್ದು ಸಮುದ್ರಕ್ಕೆ ಸೇರುವ ಹೊಳೆಗಳನ್ನು ಕುರಿತ ಒಂದು ಸಂಶೋಧನಾ ಪತ್ರಿಕೆಗೆ. ಬ್ರೆಜಿಲ್‌ನ ಒಬ್ಬ ಮೇಷ್ಟ್ರು, ಇಂಡೋನೇಷ್ಯಾ, ಕೀನ್ಯಾಗಳ ಇಬ್ಬರು, ಕುಂದಾಪುರದ ಕಾಲೇಜು ಲೈಬ್ರರಿಯ ದೀಕ್ಷಾ, ನಾಲ್ವರೂ ಬಿಡುವಿನಲ್ಲಿ ನಡೆಸುತ್ತಿದ್ದರು. ಬರೆಯುವವರೂ ದುಡ್ಡು ಕೊಡಬೇಕಿಲ್ಲ, ಓದುವವರೂ ಕೊಡಬೇಕಿಲ್ಲ. ಕಟ್ಟುಪಾಡು ಒಂದೇ: ಯಾರ ಹೊಳೆಯ ಬಗ್ಗೆ ಬರೆದಿದೆಯೋ ಅವರಿಗೆ ಅವರ ಮಾತಿನಲ್ಲಿ ಓದಿ ಹೇಳಬೇಕು, ಅವರು ಹೂಂ ಅನ್ನದೆ ಅಚ್ಚಿಲ್ಲ. ಈ ಹೊಳೆಗೆ ಹೂಂ ಅನ್ನಬೇಕಾದವಳು ಬಾಗಿ.

ಹೋದ ವಾರ ಅಜ್ಜಿ ಬೂತಾಯಿ ಮೀನು ಕೊಯ್ಯುತ್ತಿದ್ದಾಗ ದೀಕ್ಷಾ ಈ ಹೊಳೆಯ ಲೇಖನ ಓದಿ ಹೇಳಿದಳು: "ಸೇತುವೆ ಕೆಳಗಿನ ದಿಬ್ಬದಲ್ಲಿ ಚಿಪ್ಪಿಯ ಸಂತತಿ ಮುಗಿದಿದೆ."

ಕತ್ತಿ ನಿಂತಿತು. "ಯಾರ್ ಹೇಳ್ರ್?"

"ಬರ್ದವ್ರ್ ಎರಡ್ ವರ್ಷ ಅಳ್ದ್ ಕಂಡೀರ್ ಅಜ್ಜಿ."

"ಮುಗ್ದಿತ್ ಅಂದ್ರೆ ನಾಳಿಗೇ ಮರಳ್ ತೆಗೂ ಯಂತ್ರ ಬತ್ತ್. ಬಿಟ್ಟಿ ಓದೂಕ್ ಸಿಕ್ರೆ ಸುಳ್ಳೂ ಬಿಟ್ಟಿಯಾಯೇ ಮನಿಮನಿಗ್ ಹೋತ್ತ್, ಗೊತ್ತಿತ್ತಾ? ನಾ ಮುಟ್ಟಿ ಕಾಣ್ದೆ ಹೂಂ ಅಂಬುದಿಲ್ಲೆ."

ಅಜ್ಜಿಯ ಮಂಡಿ ಹಿಡಿದು ವರ್ಷವಾಗಿತ್ತು. ಮುಟ್ಟಿ ನೋಡುವುದೆಲ್ಲಿ ಬಂತು? ಮುದುಕಿಯ ಹಟವೆಂದು ದೀಕ್ಷಾ ನಕ್ಕಿದ್ದಳು. ಇವತ್ತು ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಜಗಲಿಗೆ ಒರಗಿದ ಬಾಗಿ ಮತ್ತೆ ಏಳಲಿಲ್ಲ. ಮಿಂದು ಬಂದು ಕೂತಿದ್ದಾಳೆಂದೇ ಎಲ್ಲರೂ ತಿಳಿದರು.

* * *

ಹೆಣ ಹೋದ ಮೇಲೆ ಹೆಂಗಸರು ಮನೆ ತೊಳೆಯಲು ನಿಂತರು. ದೀಕ್ಷಾ ಬಾವಿಕಟ್ಟೆಯಲ್ಲಿ ಕೂತು ಮೊಬೈಲು ತೆಗೆದಳು. ಬರೆದವರ ಎರಡು ವರ್ಷದ ದುಡಿಮೆ. ಅಜ್ಜಿ ಇಲ್ಲವೆಂದೂ ಹೇಳಿರಲಿಲ್ಲವಲ್ಲ? "ಒಪ್ಪಿದ್ದಾಳೆ" ಎಂದು ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು.

"ಹ್ವಾಯ್ ದೀಕ್ಷಾ! ಕಾಣ್ ಬಾ ನಿನ್ನಜ್ಜಿ ಮಾಡದ್ ಕೆಲ್ಸ!" ಹಿತ್ತಿಲಿನಿಂದ ವನಜ ಕೂಗಿದಳು.

ಹಂಡೆಯ ಸಂದಿಯಲ್ಲಿ, ಒದ್ದೆ ಗೋಣಿಯಡಿ ಬಾಗಿಯ ಬುಟ್ಟಿ. ಅದರಲ್ಲಿ ಉಗುರಿನಷ್ಟೇ ದೊಡ್ಡ ಚಿಪ್ಪಿಮರಿಗಳು, ಎರಡು ಹಿಡಿಯಷ್ಟು.

"ಮರಿ ಹೆಕ್ಕಿರೆ ಕೈ ಮುರೀತೆ ಅಂದೇಳಿ ನಮ್ಗೆ ಬೈತಿದ್ಲ್. ಸಾಯ್ವತ್ತಿಗ್ ಇವ್ಳಿಗೇ ಎಂತ ಆಯ್ತ್?" ವನಜ ಬುಟ್ಟಿಯ ಕೆಸರನ್ನು ಮೂಸಿದಳು. ದನಿ ಇಳಿಯಿತು. "ಸೇತುವಿ ದಿಬ್ಬದ್ ಕೆಸ್ರ್ ಇದ್. ಆ ಮಂಡಿ ಹಿಡ್ಕಂಡ್ ಅಲ್ಲಿವರಿಗ್ ಹೋಯ್ದ್ಲಾ?"

ಬಾಯ್ಬಿಟ್ಟಿದ್ದ ಒಂದು ಮರಿಯನ್ನು ದೀಕ್ಷಾ ಮುಟ್ಟಿದಳು. ಅದು ಟಕ್ಕನೆ ಬಾಯಿ ಮುಚ್ಚಿಕೊಂಡಿತು.

ಅವಳು ಬರೆದದ್ದನ್ನು ಅಳಿಸಿದಳು. "ಅಜ್ಜಿ ಒಪ್ಪಲಿಲ್ಲ. ದಿಬ್ಬದಲ್ಲಿ ಮರಿಗಳಿವೆ, ನನ್ನ ಕೈಯಲ್ಲಿವೆ. ಅಚ್ಚು ತಡೆಯಿರಿ." ಕಳಿಸಿ, ಬುಟ್ಟಿ ಎತ್ತಿಕೊಂಡಳು.

"ಈಗ ಇಳ್ತ. ಹೋಪನಾ?" ಎಂದಳು ವನಜ, ಸೀರೆ ಎತ್ತಿ ಕಟ್ಟುತ್ತ.

ನೀರು ಇಳಿದ ದಿಬ್ಬದ ನಡುವೆ ಬಾಗಿಯ ಊರುಗೋಲು ಗುರುತಿಗೆ ನೆಟ್ಟಂತೆ ನೆಟ್ಟಗೆ ನಿಂತಿತ್ತು, ಅರ್ಧದವರೆಗೆ ಉಬ್ಬರ ತಂದ ಪಾಚಿ ಸುತ್ತಿಕೊಂಡು. ಅದರ ಸುತ್ತ ದೀಕ್ಷಾ ಮರಿಗಳನ್ನು ಚೆಲ್ಲಿದಳು. ಅವು ಸ್ವಲ್ಪ ಹೊತ್ತು ಸುಮ್ಮನೆ ಬಿದ್ದಿದ್ದವು. ಆಮೇಲೆ ಒಂದು ಮರಿ ಬಿಳಿಯ ಕಾಲು ಚಾಚಿತು, ಕೆಸರಲ್ಲಿ ಎದ್ದು ನಿಂತಿತು, ಒಳಗಿಳಿಯಿತು. ಅದರ ಹಿಂದೆ ಇನ್ನೊಂದು.